ಸ್ವಂತ ಸರ್ವರ್‌ಗೆ ಡೊಮೇನ್ ಜೋಡಿಸುವುದು: ಬುಡದಿಂದ ಮೇಲಕ್ಕೆ, ಹಂತ ಹಂತವಾಗಿ

ಸೈಟ್ ಸಿದ್ಧವಾಗಿದೆ. ಸರ್ವರ್ ಓಡುತ್ತಿದೆ. ಡೊಮೇನ್ ಕೊಂಡದ್ದೂ ಆಗಿದೆ. ಇಷ್ಟಾದರೂ ಬ್ರೌಸರಿನಲ್ಲಿ ಹೆಸರು ಟೈಪ್ ಮಾಡಿದರೆ ಖಾಲಿ ಪುಟ, ಇಲ್ಲವೇ ಯಾರದೋ ಜಾಹೀರಾತು. ಆಗ ಬಹಳ ಜನ ಡಿಎನ್‌ಎಸ್ (ಡೊಮೇನ್ ಹೆಸರಿನಿಂದ ಸರ್ವರಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಪುಟಕ್ಕೆ ಹೋಗಿ ಏನಾದರೊಂದು ಬದಲಿಸಿ, ಐದು ನಿಮಿಷ ಕಾದು, ಮತ್ತೆ ಬದಲಿಸುತ್ತಾರೆ. ಮೊದಲ ಸಲ ನಾನೂ ಹೀಗೆ ಒಂದಿಡೀ ರಾತ್ರಿ ಕಳೆದೆ. ರೆಕಾರ್ಡ್, ಅಂದರೆ ಆ ಹೆಸರಿನ ಬಗ್ಗೆ ಡಿಎನ್‌ಎಸ್‌ನಲ್ಲಿ ಬರೆದಿಟ್ಟ ಸಾಲು, ಮೊದಲಿನಿಂದಲೂ ಸರಿಯಾಗಿಯೇ ಇತ್ತು. ರೂಟರಿನಲ್ಲಿ ಪೋರ್ಟ್, ಅಂದರೆ ಕೋರಿಕೆಗಳು ಒಳಬರುವ ಸಂಖ್ಯೆಯ ಬಾಗಿಲು, ತೆರೆದಿರಲಿಲ್ಲ.

ಆ ರಾತ್ರಿಯಿಂದ ನಾನು ಪಾಲಿಸಿಕೊಂಡು ಬಂದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡೊಮೇನ್ ಜೋಡಿಸುವುದು ಒಂದೇ ಕೆಲಸದಂತೆ ಕಂಡರೂ ಅದರಲ್ಲಿ ನಾಲ್ಕು ಕೊಂಡಿಗಳಿವೆ. ಹೆಸರು ಕೇಳಿದವರಿಗೆ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಸಿಗಬೇಕು. ಆ ವಿಳಾಸಕ್ಕೆ ಹೊರಟ ಕೋರಿಕೆ ನಿಮ್ಮ ಯಂತ್ರವನ್ನು ಮುಟ್ಟಬೇಕು. ಯಂತ್ರದಲ್ಲಿರುವ ವೆಬ್ ಸರ್ವರ್ ಆ ಹೆಸರನ್ನು ತನ್ನದೆಂದು ಗುರುತಿಸಬೇಕು. ಕೊನೆಗೆ, ಸೈಟ್ ಆ ಹೆಸರಿನದೇ ಎಂದು ಬ್ರೌಸರ್ ನಂಬುವಂಥ ಸರ್ಟಿಫಿಕೇಟ್ ಇರಬೇಕು. ಡಿಎನ್‌ಎಸ್‌ನ ಹೊಣೆ ಮೊದಲನೆಯ ಕೊಂಡಿಗಷ್ಟೇ. ಉಳಿದ ಮೂರರಲ್ಲಿ ಯಾವುದು ಕಡಿದರೂ ಜನ ಬೈಯುವುದು ಡಿಎನ್‌ಎಸ್ ಅನ್ನೇ. ಅದಕ್ಕೇ ನಾನು ಕೆಳಗಿನಿಂದ ಮೇಲಕ್ಕೆ ಹೋಗುತ್ತೇನೆ: ಮೊದಲು ಸರ್ವರ್, ಆಮೇಲೆ ದಾರಿ, ಆಮೇಲೆ ಹೆಸರು, ಕೊನೆಗೆ ಬೀಗ, ಅಂದರೆ ಸರ್ಟಿಫಿಕೇಟ್. ಒಂದು ಹಂತ ಸರಿಯೆಂದು ಖಾತ್ರಿಯಾಗುವ ತನಕ ಮುಂದಿನದಕ್ಕೆ ಕೈ ಹಾಕುವುದಿಲ್ಲ.

ಉದಾಹರಣೆಗೆ ಎಕ್ಸಾಂಪಲ್.ಕಾಮ್ ಎಂಬ ಹೆಸರನ್ನೂ 203.0.113.10 ಎಂಬ ವಿಳಾಸವನ್ನೂ ಬಳಸಿದ್ದೇನೆ. ಎರಡೂ ಇಂಥ ಬರಹಗಳಿಗೆಂದೇ ಮೀಸಲಾಗಿರುವಂಥವು. ನಿಮ್ಮ ಹೆಸರು, ನಿಮ್ಮ ವಿಳಾಸ ಹಾಕಿಕೊಂಡು ಓದಿ. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಹೆಸರು ವಿಳಾಸವಾಗುವ ಬಗೆ

ಇಂಟರ್ನೆಟ್ಟಿನ ಮೊದಲ ದಿನಗಳಲ್ಲಿ ಎಲ್ಲ ಕಂಪ್ಯೂಟರುಗಳ ಹೆಸರು, ವಿಳಾಸ ಒಂದೇ ಕಡತದಲ್ಲಿದ್ದವು. ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಆ ಕಡತವನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಕೈಯಿಂದಲೇ ತಿದ್ದುತ್ತಿದ್ದರು, ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಈ ಏರ್ಪಾಡು ಕುಸಿಯತೊಡಗಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅದರ ಬದಲಿಗೆ ಡಿಎನ್‌ಎಸ್ ಅನ್ನು ರೂಪಿಸಿದರು. 1987ರ ಆರ್‌ಎಫ್‌ಸಿ 1034 ಮತ್ತು 1035 ಎಂಬ ಇಂಟರ್ನೆಟ್ ಮಾನದಂಡದ ದಾಖಲೆಗಳು ಇವತ್ತಿಗೂ ಅದರ ತಳಪಾಯ. ಮೂಲ ಯೋಚನೆ ಸರಳ: ಎಲ್ಲವನ್ನೂ ಒಬ್ಬರೇ ಬರೆದಿಡಬೇಕಿಲ್ಲ, ಯಾರ ಹೆಸರಿಗೆ ಯಾರು ಉತ್ತರ ಕೊಡುತ್ತಾರೆ ಎಂಬುದಷ್ಟೇ ಮೇಲಿನವರಿಗೆ ಗೊತ್ತಿದ್ದರೆ ಸಾಕು.

ಅಂದರೆ ನಿಮ್ಮ ಓದುಗರ ಪರವಾಗಿ ವಿಳಾಸ ಹುಡುಕುವ ರಿಸಾಲ್ವರ್ ಮೊದಲು ಎಲ್ಲಕ್ಕೂ ಮೇಲಿರುವ ರೂಟ್ ಸರ್ವರನ್ನು ಕೇಳುತ್ತದೆ. ರೂಟ್, ‘ಕಾಮ್ ನೋಡಿಕೊಳ್ಳುವವರು ಇವರು’ ಎನ್ನುತ್ತದೆ. ಕಾಮ್‌ನವರು, ‘ಎಕ್ಸಾಂಪಲ್.ಕಾಮ್‌ಗೆ ಉತ್ತರಿಸುವ ನೇಮ್‌ಸರ್ವರ್ ಇದು’ ಎನ್ನುತ್ತಾರೆ. ನಿಜವಾದ ಉತ್ತರ ಸಿಗುವುದು ಆ ನೇಮ್‌ಸರ್ವರಿನಲ್ಲಿ. ಸಿಕ್ಕ ಉತ್ತರವನ್ನು ರಿಸಾಲ್ವರ್ ಸ್ವಲ್ಪ ಕಾಲ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಎಷ್ಟು ಕಾಲ ಎಂಬುದನ್ನು ನೀವೇ ಸೆಕೆಂಡುಗಳಲ್ಲಿ ಹೇಳಿರುತ್ತೀರಿ. ಆ ಸಂಖ್ಯೆಯ ಹೆಸರು ಟಿಟಿಎಲ್.

ಇಲ್ಲೇ ಒಂದು ತಪ್ಪು ಕಲ್ಪನೆಯನ್ನು ಬಿಡಿಸಿಬಿಡಬೇಕು. ‘ಡಿಎನ್‌ಎಸ್ ಜಗತ್ತಿನಾದ್ಯಂತ ಹರಡಲು 48 ಗಂಟೆ ಬೇಕು’ ಎನ್ನುವ ಮಾತು ಎಲ್ಲೆಡೆ ಕೇಳಿಸುತ್ತದೆ. ಡಿಎನ್‌ಎಸ್ ಹರಡುವುದಿಲ್ಲ. ನೀವು ಉಳಿಸಿದ ಹೊಸ ರೆಕಾರ್ಡ್ ನಿಮ್ಮ ನೇಮ್‌ಸರ್ವರಿನಲ್ಲಿ ಸಾಮಾನ್ಯವಾಗಿ ಕೆಲವೇ ಕ್ಷಣಗಳಲ್ಲಿ ಜೀವಂತವಾಗಿರುತ್ತದೆ. ಅದನ್ನು ಯಾರೂ ಎಲ್ಲಿಗೂ ತಳ್ಳುವುದಿಲ್ಲ. ಅಲ್ಲಲ್ಲಿ ಕ್ಯಾಶ್‌ನಲ್ಲಿ (ತಾತ್ಕಾಲಿಕ ನೆನಪಿನಲ್ಲಿ) ಉಳಿದಿರುವ ಹಳೆಯ ಉತ್ತರಗಳ ಆಯುಸ್ಸು ಮುಗಿಯಬೇಕು, ಅಷ್ಟೇ. ಆ 48 ಗಂಟೆಗೂ ಒಂದು ಆಧಾರವಿದೆ: ಕಾಮ್ ವಲಯದಲ್ಲಿ ನೇಮ್‌ಸರ್ವರ್ ಸೂಚನೆಗಳ ಟಿಟಿಎಲ್ 1,72,800 ಸೆಕೆಂಡ್, ಅಂದರೆ ಸರಿಯಾಗಿ ಎರಡು ದಿನ. ಆದರೆ ಅದು ನೇಮ್‌ಸರ್ವರನ್ನೇ ಬದಲಿಸಿದಾಗಿನ ಮಾತು. ಬರೀ ಎ ರೆಕಾರ್ಡ್ (ಹೆಸರಿಗೆ ವಿಳಾಸ ಹೇಳುವ ಸಾಲು) ತಿದ್ದಿದವರು ಎರಡು ದಿನ ಕೈಕಟ್ಟಿ ಕೂರಬೇಕಿಲ್ಲ.

ಹಂತ 1: ಸರ್ವರ್ ತನ್ನ ಮನೆಯೊಳಗೆ ಮಾತಾಡುತ್ತಿದೆಯೇ?

ಸರ್ವರ್ ಯಂತ್ರದಲ್ಲೇ ಕೂತು ‘ಕರ್ಲ್ -ಐ ಎಚ್‌ಟಿಟಿಪಿ://ಲೋಕಲ್‌ಹೋಸ್ಟ್’ ಓಡಿಸಿ. 200 (ಸರಿ) ಅಥವಾ 301 (ಬೇರೆ ವಿಳಾಸಕ್ಕೆ ಹೋಗಿ) ಎಂಬ ಸಂಕೇತ ಬಂದರೆ ವೆಬ್ ಸರ್ವರ್ ಎದ್ದಿದೆ. ಮುಂದೆ ಅದೇ ಜಾಲದ ಇನ್ನೊಂದು ಕಂಪ್ಯೂಟರಿನಿಂದ ಸರ್ವರಿನ ಒಳ ವಿಳಾಸಕ್ಕೆ, ಉದಾಹರಣೆಗೆ 192.168.1.20ಕ್ಕೆ, ಹೋಗಿ ನೋಡಿ.

ಮೊದಲನೆಯದು ನಡೆದು ಎರಡನೆಯದು ನಡೆಯದಿದ್ದರೆ, ಪ್ರೋಗ್ರಾಂ 127.0.0.1ರಲ್ಲಿ (ಯಂತ್ರ ತನ್ನನ್ನೇ ಕರೆಯುವ ವಿಳಾಸ) ಮಾತ್ರ ಕಿವಿಗೊಟ್ಟು ಕೂತಿರುವ ಸಾಧ್ಯತೆ ಹೆಚ್ಚು. ‘ಎಸ್‌ಎಸ್ -ಟಿಎಲ್‌ಎನ್‌ಪಿ’ ಎಂಬ ಆಜ್ಞೆ ಯಾವ ಪೋರ್ಟ್ ಯಾವ ವಿಳಾಸದಲ್ಲಿ ತೆರೆದಿದೆ ಎಂದು ತೋರಿಸುತ್ತದೆ. ಅಲ್ಲಿ 80 ಮತ್ತು 443 ಎದುರು 0.0.0.0 ಅಥವಾ ನಕ್ಷತ್ರ ಚಿಹ್ನೆ, ಅಂದರೆ ‘ಎಲ್ಲ ವಿಳಾಸಗಳಲ್ಲೂ’, ಇರಬೇಕು. ನಿಮ್ಮ ಆ್ಯಪ್ 3000 ಅಥವಾ 8080ರಂಥ ಪೋರ್ಟಿನಲ್ಲಿ ಓಡುತ್ತಿದ್ದರೆ ಅದು ಒಳಗೇ ಇರಲಿ. ಅದರ ಮುಂದೆ ಎಂಜಿನ್‌ಎಕ್ಸ್ ಅಥವಾ ಕ್ಯಾಡಿ ಎಂಬ ವೆಬ್ ಸರ್ವರನ್ನು ರಿವರ್ಸ್ ಪ್ರಾಕ್ಸಿಯಾಗಿ, ಅಂದರೆ ಕೋರಿಕೆ ಪಡೆದು ಒಳಗೆ ದಾಟಿಸುವ ಮಧ್ಯವರ್ತಿಯಾಗಿ, ನಿಲ್ಲಿಸಿ. ಕಾರಣ ಸರಳ: ಎ ರೆಕಾರ್ಡಿನಲ್ಲಿ ಪೋರ್ಟ್ ಬರೆಯುವ ಜಾಗವೇ ಇಲ್ಲ. ಬರೀ ಹೆಸರು ಕೊಟ್ಟರೆ ಬ್ರೌಸರ್ ತಾನಾಗಿ ಹೋಗುವುದು 80ಕ್ಕೆ ಅಥವಾ 443ಕ್ಕೆ.

ಹಂತ 2: ನಿಮ್ಮ ನಿಜವಾದ ವಿಳಾಸ ಯಾವುದು?

ಬಾಡಿಗೆಯ ವಿಪಿಎಸ್ (ಬೇರೆಯವರ ಕೇಂದ್ರದಲ್ಲಿ ಓಡುವ ವರ್ಚುವಲ್ ಸರ್ವರ್) ಆದರೆ ಈ ಹಂತ ಅರ್ಧ ನಿಮಿಷದ್ದು. ಒದಗಿಸಿದವರ ನಿಯಂತ್ರಣ ಪುಟದಲ್ಲಿ ಸಾರ್ವಜನಿಕ ವಿಳಾಸ ಬರೆದಿರುತ್ತದೆ, ಅದೇ ಸಾಕು. ಮನೆಯಲ್ಲಿ ಇಟ್ಟ ಸರ್ವರ್ ಆದರೆ ಇಲ್ಲಿ ನಿಧಾನಿಸಿ.

ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ. ಒಂದು, ರೂಟರಿನ ಪುಟದಲ್ಲಿ ವ್ಯಾನ್ (ಹೊರ ಜಾಲದ) ವಿಳಾಸ ಎಂದು ಕಾಣುವುದು. ಇನ್ನೊಂದು, ‘ನನ್ನ ಐಪಿ ಏನು’ ಎಂದು ತೋರಿಸುವ ಯಾವುದಾದರೂ ಸೈಟ್ ಹೇಳುವುದು. ಎರಡೂ ಒಂದೇ ಆಗಿದ್ದರೆ ನಿಮಗೆ ನಿಜವಾದ ಸಾರ್ವಜನಿಕ ವಿಳಾಸವಿದೆ. ಬೇರೆಬೇರೆಯಾಗಿದ್ದು, ರೂಟರಿನದು 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಇಂಟರ್ನೆಟ್ ಸೇವಾದಾರರು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿದ್ದಾರೆ. ಹೊರಗಿನಿಂದ ಬಂದ ಕೋರಿಕೆ ಅವರ ಯಂತ್ರದಲ್ಲೇ ನಿಂತುಬಿಡುತ್ತದೆ. ನಿಮ್ಮ ರೂಟರಿನಲ್ಲಿ ಏನೇ ತಿದ್ದಿದರೂ ಉಪಯೋಗವಿಲ್ಲ. ರೂಟರಿನದು 10, 192.168 ಅಥವಾ 172.16ರಿಂದ 172.31ರ ಒಳಗಿದ್ದರೆ ನಿಮ್ಮ ಮೇಲೆ ಇನ್ನೊಂದು ರೂಟರ್ ಇದೆಯೆಂದು ಅರ್ಥ. ಹಲವು ಮನೆಗಳಲ್ಲಿ ಫೈಬರ್ ಪೆಟ್ಟಿಗೆಯೇ ಆ ಮೊದಲ ರೂಟರ್.

ಸಿಜಿನ್ಯಾಟ್ ಇದ್ದರೆ ಮೂರು ದಾರಿಗಳಿವೆ. ಸೇವಾದಾರರನ್ನು ಸಾರ್ವಜನಿಕ ವಿಳಾಸ ಕೊಡಿ ಎಂದು ಕೇಳುವುದು ಮೊದಲನೆಯದು, ಎಲ್ಲಕ್ಕಿಂತ ಸರಳವಾದದ್ದು. ಐಪಿವಿ6 (ಐಪಿವಿ4ರ ನಂತರ ಬಂದ, ಉದ್ದ ವಿಳಾಸಗಳ ವ್ಯವಸ್ಥೆ) ಇದ್ದರೆ ಅದರ ಮೂಲಕ ಸೈಟ್ ಕೊಡುವುದು ಎರಡನೆಯದು. ಆದರೆ ಐಪಿವಿ4 ಮಾತ್ರ ಇರುವ ಓದುಗರಿಗೆ ಅದು ಕಾಣುವುದಿಲ್ಲ. ಮೂರನೆಯದು, ಒಂದು ಚಿಕ್ಕ ವಿಪಿಎಸ್ ಬಾಡಿಗೆಗೆ ಪಡೆದು, ಅಲ್ಲಿಂದ ಮನೆಯ ಸರ್ವರಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ಹಾಕಿ, ಡೊಮೇನನ್ನು ಆ ವಿಪಿಎಸ್‌ಗೆ ತೋರಿಸುವುದು. ನಾನು ಮೆಚ್ಚುವುದು ಈ ಮೂರನೆಯದನ್ನೇ. ಮನೆಯ ವಿಳಾಸ ಬದಲಾದರೂ ಡಿಎನ್‌ಎಸ್ ಮುಟ್ಟಬೇಕಿಲ್ಲ, ಮನೆಯ ಐಪಿ ಜಗತ್ತಿಗೆ ಕಾಣುವುದೂ ಇಲ್ಲ.

ಹಂತ 3: ಬಾಗಿಲು ತೆರೆಯುವುದು

ರೂಟರಿನ ಡಿಎಚ್‌ಸಿಪಿ (ಒಳ ವಿಳಾಸ ಹಂಚುವ) ಪುಟದಲ್ಲಿ ಸರ್ವರ್ ಯಂತ್ರಕ್ಕೆ ಒಂದು ಒಳ ವಿಳಾಸ ಕಾಯ್ದಿರಿಸಿ. ಇದನ್ನು ಬಿಟ್ಟರೆ ಕರೆಂಟ್ ಹೋಗಿ ಬಂದ ದಿನ ಸರ್ವರಿಗೆ ಬೇರೆ ವಿಳಾಸ ಸಿಕ್ಕಿ, ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ಒಳ ಯಂತ್ರಕ್ಕೆ ಕಳಿಸುವುದು) ಬೇರೆ ಯಾವುದೋ ಯಂತ್ರಕ್ಕೆ ಹೋಗುತ್ತದೆ. ಆಮೇಲೆ ಟಿಸಿಪಿ 80 ಮತ್ತು 443ನ್ನು ಆ ವಿಳಾಸಕ್ಕೆ ಫಾರ್ವರ್ಡ್ ಮಾಡಿ. ಸರ್ವರಿನ ಫೈರ್‌ವಾಲ್‌ನಲ್ಲೂ ಅವೆರಡನ್ನು ತೆರೆಯಿರಿ. ವಿಪಿಎಸ್ ಆದರೆ ಒದಗಿಸಿದವರ ಪುಟದಲ್ಲಿ ಇನ್ನೊಂದು ಫೈರ್‌ವಾಲ್ ಇರಬಹುದು, ಅದನ್ನೂ ನೋಡಿ. ಡಾಕರ್ ಬಳಸುವವರಿಗೆ ಒಂದು ಎಚ್ಚರಿಕೆ: ಡಾಕರ್ ಹೊರಗೆ ತೆರೆದ ಪೋರ್ಟುಗಳು ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್‌ನ ನಿಯಮಗಳನ್ನು ದಾಟಿ ಹೋಗುತ್ತವೆ. ಮುಚ್ಚಿದೆ ಎಂದು ನಂಬಿದ ಡೇಟಾಬೇಸ್ ಬಯಲಲ್ಲಿ ನಿಂತಿರಬಹುದು.

ಎಸ್‌ಎಸ್‌ಎಚ್ ಮೂಲಕ ದೂರದಿಂದ ಸರ್ವರಿಗೆ ಲಾಗಿನ್ ಆಗುವ 22ನೇ ಪೋರ್ಟನ್ನು ಇದೇ ಗಳಿಗೆಯಲ್ಲಿ ಹೊರಗೆ ತೆರೆಯಬೇಡಿ. ತೆರೆಯಲೇಬೇಕಾದರೆ ಪಾಸ್‌ವರ್ಡ್ ಪ್ರವೇಶ ನಿಲ್ಲಿಸಿ, ಎಸ್‌ಎಸ್‌ಎಚ್ ಕೀ ಮಾತ್ರ ಇಟ್ಟ ಮೇಲೆ ತೆರೆಯಿರಿ.

ಈಗ ಪರೀಕ್ಷೆ. ಫೋನಿನಲ್ಲಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಬ್ರೌಸರ್ ತೆರೆದು ನೇರವಾಗಿ 203.0.113.10 ಎಂಬ ಸಂಖ್ಯೆಗೇ ಹೋಗಿ. ವೈಫೈನಲ್ಲೇ ನೋಡಿದರೆ ಮೋಸ ಹೋಗುತ್ತೀರಿ: ಹಲವು ರೂಟರುಗಳಿಗೆ ಒಳಗಿನಿಂದ ತಮ್ಮದೇ ಹೊರ ವಿಳಾಸಕ್ಕೆ ಹೋಗಿ ಮರಳಿ ಬರುವುದು ಗೊತ್ತಿಲ್ಲ, ಹಾಗಾಗಿ ಸರಿಯಿದ್ದರೂ ತೆರೆಯುವುದಿಲ್ಲ. ಮೊಬೈಲ್ ಡೇಟಾದಲ್ಲೂ ತೆರೆಯದಿದ್ದರೆ ಸೇವಾದಾರರು 80ನ್ನು ತಡೆದಿದ್ದಾರೆಯೇ ಎಂದು ವಿಚಾರಿಸಿ. ಸಂಖ್ಯೆಯಿಂದ ಸೈಟ್ ತೆರೆಯದೆ ಹೆಸರಿನಿಂದ ತೆರೆಯುತ್ತದೆ ಎಂಬ ಆಸೆ ಬೇಡ. ಇಲ್ಲಿ ಪುಟ ಕಂಡ ಮೇಲೆಯೇ ಡಿಎನ್‌ಎಸ್.

ಹಂತ 4: ನಿಮ್ಮ ಡಿಎನ್‌ಎಸ್ ಯಾರ ಕೈಯಲ್ಲಿದೆ?

ಡೊಮೇನ್ ಮಾರಿದ ರಿಜಿಸ್ಟ್ರಾರ್ ಒಬ್ಬರು, ಡಿಎನ್‌ಎಸ್ ಉತ್ತರ ಕೊಡುವವರು ಇನ್ನೊಬ್ಬರು ಆಗಿರಬಹುದು. ನಾನು ಕಂಡ ತಪ್ಪುಗಳಲ್ಲಿ ದೊಡ್ಡ ಪಾಲು ಇಲ್ಲಿಯದು: ಒಬ್ಬರ ಪುಟದಲ್ಲಿ ರೆಕಾರ್ಡ್ ತಿದ್ದುತ್ತಾರೆ, ಉತ್ತರ ಕೊಡುತ್ತಿರುವುದು ಇನ್ನೊಬ್ಬರ ಸರ್ವರ್. ಎಷ್ಟು ತಿದ್ದಿದರೂ ಜಗತ್ತಿಗೆ ಕಾಣುವುದಿಲ್ಲ.

ಡಿಎನ್‌ಎಸ್ ಅನ್ನು ಪ್ರಶ್ನಿಸುವ ‘ಡಿಗ್ ಎಕ್ಸಾಂಪಲ್.ಕಾಮ್ ಎನ್‌ಎಸ್’ ಆಜ್ಞೆ ಓಡಿಸಿದರೆ ಈಗ ಉತ್ತರ ಕೊಡುವವರ ಹೆಸರುಗಳು ಸಿಗುತ್ತವೆ. ವಿಂಡೋಸ್‌ನಲ್ಲಿ ಡಿಗ್ ಇರದಿದ್ದರೆ ‘ಎನ್‌ಎಸ್‌ಲುಕಪ್ -ಟೈಪ್=ಎನ್‌ಎಸ್ ಎಕ್ಸಾಂಪಲ್.ಕಾಮ್’ ಸಾಕು. ಆ ಹೆಸರುಗಳು ಯಾರವೋ ಅವರ ಪುಟದಲ್ಲೇ ಕೆಲಸ ಮಾಡಬೇಕು. ಎಲ್ಲವೂ ಅಲ್ಲೇ ಚೆನ್ನಾಗಿದ್ದರೆ ನೇಮ್‌ಸರ್ವರ್ ಬದಲಿಸುವ ಅಗತ್ಯವೇ ಇಲ್ಲ. ಎ ರೆಕಾರ್ಡ್ ಒಂದನ್ನು ಸೇರಿಸುವುದಕ್ಕಾಗಿ ನೇಮ್‌ಸರ್ವರನ್ನೇ ಬದಲಿಸಿ, ಅದೇ ಡೊಮೇನಿನ ಇಮೇಲ್ ನಿಂತುಹೋದದ್ದನ್ನು ಕಂಡಿದ್ದೇನೆ. ಹಳೆಯ ಕಡೆ ಇದ್ದ ಎಂಎಕ್ಸ್ (ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ) ಮತ್ತು ಟಿಎಕ್ಸ್‌ಟಿ (ಪಠ್ಯದ) ರೆಕಾರ್ಡುಗಳನ್ನು ಹೊಸ ಕಡೆಗೆ ಯಾರೂ ಒಯ್ದಿರಲಿಲ್ಲ.

ಬದಲಿಸಲೇಬೇಕಾದರೆ ಕ್ರಮ ಹೀಗೆ: ಹಳೆಯ ಎಲ್ಲ ರೆಕಾರ್ಡುಗಳನ್ನು ಒಂದು ಕಡತಕ್ಕೆ ಬರೆದುಕೊಳ್ಳಿ. ಹೊಸ ಕಡೆ ಅಷ್ಟನ್ನೂ ಮೊದಲೇ ಸೇರಿಸಿ. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಡಿಜಿಟಲ್ ಸಹಿ ಹಾಕುವ ಏರ್ಪಾಡು) ಚಾಲೂ ಇದ್ದರೆ ರಿಜಿಸ್ಟ್ರಾರ್ ಪುಟದಲ್ಲಿ ಆ ಸಹಿಯ ಗುರುತಾದ ಡಿಎಸ್ ರೆಕಾರ್ಡ್ ತೆಗೆದು, ಅದರ ಟಿಟಿಎಲ್ ಮುಗಿಯುವವರೆಗೆ ಕಾಯಿರಿ. ಇದನ್ನು ಮರೆತರೆ ಹಳೆಯ ಸಹಿ, ಹೊಸ ಉತ್ತರ ಒಂದಕ್ಕೊಂದು ಹೊಂದದೆ, ಸಹಿ ಪರಿಶೀಲಿಸುವ ರಿಸಾಲ್ವರುಗಳೆಲ್ಲ ಸರ್ವ್‌ಫೇಲ್ (ಉತ್ತರ ಕೊಡಲಾಗಲಿಲ್ಲ) ಎನ್ನುತ್ತವೆ; ಉಳಿದವರಿಗೆ ಮಾತ್ರ ಸೈಟ್ ತೆರೆಯುತ್ತಿರುತ್ತದೆ. ಇಷ್ಟಾದ ಮೇಲೆ ನೇಮ್‌ಸರ್ವರ್ ಬದಲಿಸಿ, ಹಳೆಯ ಕಡೆಯ ರೆಕಾರ್ಡುಗಳನ್ನು ಎರಡು ಮೂರು ದಿನ ಹಾಗೇ ಬಿಡಿ.

ಹೊಸದಾಗಿ ಕೊಂಡ ಡೊಮೇನ್ ಆದರೆ ರಿಜಿಸ್ಟ್ರಾರ್ ಕಳಿಸಿದ ಇಮೇಲ್ ದೃಢೀಕರಣವನ್ನು ಮೊದಲು ಮುಗಿಸಿ. ಕಾಮ್, ಆರ್ಗ್‌ನಂಥ ಡೊಮೇನ್‌ಗಳಿಗೆ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದ ಪ್ರಕಾರ ಅದಕ್ಕೆ 15 ದಿನ ಗಡುವು. ಮೀರಿದರೆ ಡೊಮೇನ್ ಅಮಾನತಾಗಬಹುದು, ಆಗ ನಿಮ್ಮ ರೆಕಾರ್ಡ್ ಎಷ್ಟೇ ಸರಿಯಿದ್ದರೂ ಸೈಟ್ ಮಾಯ.

ಹಂತ 5: ಟಿಟಿಎಲ್ ಅನ್ನು ಮೊದಲೇ ಇಳಿಸಿ

ಈಗಾಗಲೇ ಎಲ್ಲೋ ಓಡುತ್ತಿರುವ ಸೈಟನ್ನು ಹೊಸ ಸರ್ವರಿಗೆ ತರುತ್ತಿದ್ದರೆ ಈ ಹಂತ ನಿಮಗೆ. ಹಳೆಯ ಎ ರೆಕಾರ್ಡಿನ ಟಿಟಿಎಲ್ 86400 ಎಂದಿಟ್ಟುಕೊಳ್ಳಿ. ಇವತ್ತೇ ವಿಳಾಸ ಬದಲಿಸಿದರೆ ಕೆಲವರು ನಾಳೆ ಇದೇ ಹೊತ್ತಿನವರೆಗೂ ಹಳೆಯ ಸರ್ವರಿಗೇ ಹೋಗುತ್ತಿರುತ್ತಾರೆ. ಹಾಗಾಗಿ ವಿಳಾಸ ಮುಟ್ಟದೆ ಟಿಟಿಎಲ್ ಮಾತ್ರ 300 ಮಾಡಿ, ಒಂದು ದಿನ ಪೂರ್ತಿ ಕಾಯಿರಿ. ಹಳೆಯ ಉತ್ತರಗಳು ಆಗ ಸತ್ತು, ಎಲ್ಲರ ಬಳಿಯೂ ಐದೇ ನಿಮಿಷ ಬದುಕುವ ಉತ್ತರ ಇರುತ್ತದೆ. ಮರುದಿನ ವಿಳಾಸ ಬದಲಿಸಿದರೆ ಐದು ನಿಮಿಷದೊಳಗೆ ಬಹುತೇಕ ಎಲ್ಲರೂ ಹೊಸ ಕಡೆಗೆ ತಿರುಗುತ್ತಾರೆ. ತಪ್ಪಾಗಿದ್ದರೆ ಅಷ್ಟೇ ಬೇಗ ಹಿಂದಕ್ಕೂ ಹೋಗಬಹುದು. ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ನೆಮ್ಮದಿ ಕೊಡುವುದು ಇದೇ.

ಹಂತ 6: ರೆಕಾರ್ಡ್ ಬರೆಯುವುದು

ಬಹಳ ಸೈಟುಗಳಿಗೆ ಬೇಕಾಗುವುದು ಎರಡೇ ಸಾಲು:

ಹೆಸರು: @ | ವಿಧ: ಎ | ಮೌಲ್ಯ: 203.0.113.10 | ಟಿಟಿಎಲ್: 300
ಹೆಸರು: ಡಬ್ಲ್ಯುಡಬ್ಲ್ಯುಡಬ್ಲ್ಯು | ವಿಧ: ಸಿನೇಮ್ | ಮೌಲ್ಯ: ಎಕ್ಸಾಂಪಲ್.ಕಾಮ್ | ಟಿಟಿಎಲ್: 300

@ ಅಂದರೆ ಡೊಮೇನ್ ತಾನೇ, ಮುಂದೆ ಏನೂ ಸೇರದ್ದು. ಎ ರೆಕಾರ್ಡ್ ಹೆಸರನ್ನು ಐಪಿವಿ4 ವಿಳಾಸಕ್ಕೆ ಕಟ್ಟುತ್ತದೆ. ಸಿನೇಮ್, ‘ಈ ಹೆಸರಿಗೆ ಉತ್ತರ ಬೇಕಿದ್ದರೆ ಆ ಹೆಸರನ್ನು ಕೇಳಿ’ ಎನ್ನುತ್ತದೆ. ಮುಂದೆ ವಿಳಾಸ ಬದಲಾದಾಗ ಒಂದೇ ಕಡೆ ತಿದ್ದಿದರೆ ಸಾಕು ಎಂಬುದು ಇದರ ಲಾಭ.

@ ಜಾಗದಲ್ಲಿ ಸಿನೇಮ್ ಹಾಕಲು ಬರುವುದಿಲ್ಲ. ಒಂದು ಹೆಸರಿಗೆ ಸಿನೇಮ್ ಇದ್ದರೆ ಅದರ ಪಕ್ಕದಲ್ಲಿ ಬೇರೆ ಸಾಮಾನ್ಯ ರೆಕಾರ್ಡ್ ಇರಕೂಡದು ಎಂಬುದು ನಿಯಮ. ಡೊಮೇನಿನ ತಲೆಯಲ್ಲಾದರೋ ಎಸ್‌ಒಎ (ವಲಯದ ಮೂಲ ವಿವರ) ಮತ್ತು ಎನ್‌ಎಸ್ (ನೇಮ್‌ಸರ್ವರ್ ಹೆಸರು) ರೆಕಾರ್ಡುಗಳು ಇದ್ದೇ ಇರಬೇಕು. ಕೆಲವು ಡಿಎನ್‌ಎಸ್ ಸೇವೆಗಳು ಏಲಿಯಾಸ್ ಅಥವಾ ಎನೇಮ್ ಎಂಬ ಹೆಸರಲ್ಲಿ ಇದಕ್ಕೊಂದು ದಾರಿ ಮಾಡಿಕೊಟ್ಟಿವೆ: ಒಳಗೊಳಗೇ ವಿಳಾಸ ಹುಡುಕಿ ಹೊರಗೆ ಎ ರೆಕಾರ್ಡಿನಂತೆ ಉತ್ತರಿಸುತ್ತವೆ. ಸ್ವಂತ ಸರ್ವರಿಗೆ ಬದಲಾಗದ ವಿಳಾಸ ಇರುವವರಿಗೆ ಅದರ ಅಗತ್ಯ ಬೀಳುವುದಿಲ್ಲ.

ಸರ್ವರ್ ಐಪಿವಿ6ನಲ್ಲೂ ನಿಜವಾಗಿ ಉತ್ತರಿಸುತ್ತಿದ್ದರೆ ಮಾತ್ರ ಎಎಎಎ ರೆಕಾರ್ಡ್ (ಹೆಸರನ್ನು ಐಪಿವಿ6 ವಿಳಾಸಕ್ಕೆ ಕಟ್ಟುವುದು) ಸೇರಿಸಿ. ‘ಇರಲಿ’ ಎಂದು ಹಾಕಿದ, ಅಥವಾ ಹಳೆಯ ಸರ್ವರ್ ಬಿಟ್ಟುಹೋದ ಎಎಎಎ ರೆಕಾರ್ಡ್ ಹಿಡಿಯಲು ಕಷ್ಟದ ತೊಂದರೆ. ಒಬ್ಬ ಗೆಳೆಯನ ಸೈಟಿನಲ್ಲಿ ಮೂರು ದಿನ ಇದೇ ನಡೆಯಿತು: ಅವನ ಕಂಪ್ಯೂಟರಿನಲ್ಲಿ ಹೊಸ ಪುಟ, ಫೋನಿನಲ್ಲಿ ಹಳೆಯ ಪುಟ. ಕಂಪ್ಯೂಟರಿಗೆ ಐಪಿವಿ4 ಮಾತ್ರ ಇತ್ತು, ಫೋನಿಗೆ ಐಪಿವಿ6 ಇತ್ತು, ಎಎಎಎ ಇನ್ನೂ ಹಳೆಯ ಯಂತ್ರವನ್ನೇ ತೋರಿಸುತ್ತಿತ್ತು.

ಉಳಿಸುವ ಮುನ್ನ ಇನ್ನು ಕೆಲವನ್ನು ನೋಡಿಕೊಳ್ಳಿ. ರಿಜಿಸ್ಟ್ರಾರ್ ತಾನಾಗಿ ಹಾಕಿದ ಪಾರ್ಕಿಂಗ್ (ಜಾಹೀರಾತು ಪುಟದ) ರೆಕಾರ್ಡ್ ಇದ್ದರೆ ಅಳಿಸಿ. ಒಂದೇ ಹೆಸರಿಗೆ ಎರಡು ಎ ರೆಕಾರ್ಡ್ ಇದ್ದರೆ ಓದುಗರಲ್ಲಿ ಕೆಲವರು ಅಲ್ಲಿಗೆ, ಕೆಲವರು ಇಲ್ಲಿಗೆ ಹೋಗುತ್ತಾರೆ. ಮೌಲ್ಯದ ಜಾಗದಲ್ಲಿ ಎಚ್‌ಟಿಟಿಪಿ ಎಂದಾಗಲಿ, ಓರೆಗೆರೆಯಾಗಲಿ ಬೇಡ, ಬರೀ ಸಂಖ್ಯೆ. ಹೆಸರಿನ ಜಾಗದಲ್ಲಿ ಪೂರ್ತಿ ಹೆಸರು ಬರೆದರೆ ಕೆಲವು ಪುಟಗಳು ಅದರ ಕೊನೆಗೆ ಡೊಮೇನನ್ನು ಮತ್ತೊಮ್ಮೆ ಸೇರಿಸಿ ‘ಬ್ಲಾಗ್.ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್’ ಮಾಡಿಬಿಡುತ್ತವೆ. ವಲಯ ಕಡತವನ್ನು ಕೈಯಿಂದ ಬರೆಯುವವರಿಗೂ ಇದೇ ಕಾಟ: ಪೂರ್ತಿ ಹೆಸರಿನ ಕೊನೆಗೆ ಚುಕ್ಕಿ ಇಡದಿದ್ದರೆ ಅದು ಅರ್ಧ ಹೆಸರೆಂದೇ ಲೆಕ್ಕ. ಕನ್ನಡ ಲಿಪಿಯ ಡೊಮೇನ್ ಇಟ್ಟುಕೊಂಡವರು ಡಿಎನ್‌ಎಸ್‌ನಲ್ಲಿ ಅದರ ಪ್ಯೂನಿಕೋಡ್ ರೂಪ (ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಸಂಕೇತ) ಬಳಸಬೇಕು. ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುವ ಆ ರೂಪವನ್ನು ರಿಜಿಸ್ಟ್ರಾರ್ ಪುಟವೇ ಸಾಮಾನ್ಯವಾಗಿ ತೋರಿಸುತ್ತದೆ. ವೆಬ್ ಸರ್ವರ್ ಸಂರಚನೆಯಲ್ಲೂ ಅದನ್ನೇ ಬರೆಯುವುದು ಕ್ಷೇಮ.

ಹಂತ 7: ಕೇಳಿ ನೋಡುವುದು, ಆದರೆ ಸರಿಯಾದವರನ್ನು

ರೆಕಾರ್ಡ್ ಉಳಿಸಿದ ಕೂಡಲೇ ಬ್ರೌಸರ್ ತೆರೆಯಬೇಡಿ. ಬ್ರೌಸರ್, ಆಪರೇಟಿಂಗ್ ಸಿಸ್ಟಂ, ರೂಟರ್, ಸೇವಾದಾರರ ರಿಸಾಲ್ವರ್, ಇವುಗಳಲ್ಲಿ ಯಾವುದೂ ಹಳೆಯ ಉತ್ತರ ಹಿಡಿದಿರಬಹುದು. ಮೊದಲು ಮೂಲದವರನ್ನೇ ಕೇಳಿ. ನಾಲ್ಕನೇ ಹಂತದಲ್ಲಿ ಸಿಕ್ಕ ನೇಮ್‌ಸರ್ವರ್ ಹೆಸರನ್ನು @ ಜೊತೆ ಕೊಟ್ಟು:

ಡಿಗ್ @ಎನ್‌ಎಸ್1.ನಿಮ್ಮ-ಡಿಎನ್‌ಎಸ್-ಸೇವೆ ಎಕ್ಸಾಂಪಲ್.ಕಾಮ್ ಎ

ಇಲ್ಲಿ 203.0.113.10 ಬಂದರೆ ನಿಮ್ಮ ಕೆಲಸ ಸರಿಯಾಗಿದೆ, ಉಳಿದದ್ದು ಕಾಯುವುದು. ಇಲ್ಲೇ ತಪ್ಪಿದ್ದರೆ ಎಷ್ಟು ಕಾದರೂ ಸರಿಯಾಗುವುದಿಲ್ಲ. ಈ ಒಂದು ಪ್ರಶ್ನೆ ‘ಕಾಯಬೇಕೋ, ತಿದ್ದಬೇಕೋ’ ಎಂಬುದನ್ನು ಅಲ್ಲೇ ತೀರ್ಮಾನಿಸುತ್ತದೆ. ಆಮೇಲೆ @1.1.1.1, @8.8.8.8, @9.9.9.9 ಎಂದು ಬೇರೆ ಬೇರೆ ಸಾರ್ವಜನಿಕ ರಿಸಾಲ್ವರುಗಳನ್ನು ಕೇಳಿ. ಉತ್ತರದ ಸಾಲಿನಲ್ಲಿ ಹೆಸರಿನ ಪಕ್ಕ ಕಾಣುವ ಸಂಖ್ಯೆ ಉಳಿದಿರುವ ಟಿಟಿಎಲ್. ಮತ್ತೆ ಮತ್ತೆ ಕೇಳಿದರೆ ಅದು ಇಳಿಯುತ್ತಾ ಬರುವುದು ಕಾಣುತ್ತದೆ. ಸಾರ್ವಜನಿಕ ಸೇವೆಗಳ ಹಿಂದೆ ಅನೇಕ ಯಂತ್ರಗಳಿರುವುದರಿಂದ ಒಮ್ಮೊಮ್ಮೆ ಸಂಖ್ಯೆ ಮೇಲೆ ಕೆಳಗೆ ಜಿಗಿದರೆ ಗಾಬರಿ ಬೇಡ.

ಡಿಗ್ ಹೇಳುವ ಸ್ಥಿತಿಯ ಮಾತನ್ನೂ ಓದಲು ಕಲಿಯಿರಿ. ಎನ್‌ಎಕ್ಸ್‌ಡೊಮೇನ್ ಅಂದರೆ ಆ ಹೆಸರೇ ಇಲ್ಲ. ನೋಎರರ್ ಎಂದಿದ್ದು ಉತ್ತರ ಖಾಲಿಯಿದ್ದರೆ, ಹೆಸರಿದೆ ಆದರೆ ನೀವು ಕೇಳಿದ ವಿಧದ ರೆಕಾರ್ಡ್ ಇಲ್ಲ. ಸರ್ವ್‌ಫೇಲ್ ಬಂದರೆ ಮೊದಲು ಡಿಎನ್‌ಎಸ್‌ಸೆಕ್ ಅನ್ನು ಅನುಮಾನಿಸಿ: ‘+ಸಿಡಿ’ ಸೇರಿಸಿ ಕೇಳಿದಾಗ ಉತ್ತರ ಬಂದರೆ ಗುಟ್ಟು ರಟ್ಟಾದಂತೆ, ಸಹಿಯ ತೊಂದರೆಯೇ. ‘+ಟ್ರೇಸ್’ ಸೇರಿಸಿದರೆ ರೂಟ್‌ನಿಂದ ನಿಮ್ಮ ನೇಮ್‌ಸರ್ವರಿನವರೆಗಿನ ಇಡೀ ದಾರಿ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಡಿಎನ್‌ಎಸ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ ಎಂಬುದು ನನ್ನ ಅನುಭವ.

ರೆಕಾರ್ಡ್ ಸೃಷ್ಟಿಸುವ ಮೊದಲೇ ಆ ಹೆಸರನ್ನು ಕೇಳಿ ನೋಡಬೇಡಿ. ‘ಇಲ್ಲ’ ಎಂಬ ಉತ್ತರವೂ ಕ್ಯಾಶ್ ಆಗುತ್ತದೆ. ಎಷ್ಟು ಹೊತ್ತು ಎಂಬುದನ್ನು ಎಸ್‌ಒಎ ರೆಕಾರ್ಡ್ ನಿರ್ಧರಿಸುತ್ತದೆ, ಅದು ಒಂದು ಗಂಟೆಯೂ ಇರಬಹುದು. ಆತುರಕ್ಕೆ ಒಮ್ಮೆ ಬ್ರೌಸರಿನಲ್ಲಿ ಟೈಪ್ ಮಾಡಿ, ಆಮೇಲೆ ರೆಕಾರ್ಡ್ ಸೇರಿಸಿ, ಜಗತ್ತಿಗೆಲ್ಲ ತೆರೆದ ಸೈಟು ನನಗೊಬ್ಬನಿಗೆ ಮಾತ್ರ ಒಂದು ಗಂಟೆ ತೆರೆಯದೆ ಹೋಗಿತ್ತು.

ನಿಮ್ಮ ಯಂತ್ರದ ಕ್ಯಾಶ್ ಖಾಲಿ ಮಾಡಲು ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’, ಸಿಸ್ಟಂಡಿ-ರಿಸಾಲ್ವ್ಡ್ ಇರುವ ಲಿನಕ್ಸ್‌ನಲ್ಲಿ ‘ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್’. ಹಿಂದೆಂದೋ ಪರೀಕ್ಷೆಗೆಂದು ಹೋಸ್ಟ್ಸ್ ಕಡತದಲ್ಲಿ ಸಾಲು ಸೇರಿಸಿದ್ದರೆ ಅದನ್ನು ತೆಗೆಯಲು ಮರೆಯಬೇಡಿ.

ಹಂತ 8: ವೆಬ್ ಸರ್ವರಿಗೆ ಹೆಸರು ಹೇಳಿಕೊಡುವುದು

ಒಂದೇ ವಿಳಾಸದಲ್ಲಿ ಹತ್ತು ಸೈಟು ಇರಬಹುದು. ಯಾವುದು ಬೇಕೆಂದು ಬ್ರೌಸರ್ ಪ್ರತಿ ಕೋರಿಕೆಯಲ್ಲೂ ಹೋಸ್ಟ್ ಎಂಬ ಸಾಲಿನಲ್ಲಿ ಹೇಳುತ್ತದೆ. ಎಂಜಿನ್‌ಎಕ್ಸ್‌ನಲ್ಲಿ ಸರ್ವರ್_ನೇಮ್, ಅಪಾಚೆಯಲ್ಲಿ ಸರ್ವರ್‌ನೇಮ್ ಮತ್ತು ಸರ್ವರ್‌ಏಲಿಯಾಸ್ ಸಾಲಿನಲ್ಲಿ ಎರಡೂ ಹೆಸರು ಬರೆಯಿರಿ: ಬರೀ ಡೊಮೇನ್, ಮತ್ತು ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿದ್ದು. ಎಂಜಿನ್‌ಎಕ್ಸ್‌ಗೆ ಹೊಂದುವ ಹೆಸರು ಸಿಗದಿದ್ದರೆ ಆ ಪೋರ್ಟಿನ ಮೊದಲ ಬ್ಲಾಕನ್ನೇ ಕೊಡುತ್ತದೆ. ಡೊಮೇನ್ ತೆರೆದರೂ ಸ್ವಾಗತದ ಡೀಫಾಲ್ಟ್ ಪುಟ ಬರುವುದು ಇದರಿಂದಲೇ. ಡಿಎನ್‌ಎಸ್ ಅಲ್ಲಿ ತನ್ನ ಕೆಲಸ ಮುಗಿಸಿಯಾಗಿದೆ. ಎರಡು ಹೆಸರುಗಳಲ್ಲಿ ಒಂದನ್ನು ಮುಖ್ಯವೆಂದು ಆರಿಸಿ, ಇನ್ನೊಂದನ್ನು 301 ಮೂಲಕ ಅದಕ್ಕೆ ಕಳಿಸಿ.

ಹಂತ 9: ಸರ್ಟಿಫಿಕೇಟ್

ಕ್ಯಾಡಿ ಬಳಸಿದರೆ ಹೆಸರು ಬರೆದರೆ ಸಾಕು, ಸರ್ಟಿಫಿಕೇಟನ್ನು ತಾನೇ ತರುತ್ತದೆ. ಎಂಜಿನ್‌ಎಕ್ಸ್, ಅಪಾಚೆಗೆ ಅದೇ ಕೆಲಸ ಮಾಡುವ ಸರ್ಟ್‌ಬಾಟ್ ಎಂಬ ಪ್ರೋಗ್ರಾಂ ಇದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಕೊನೆಯಿಂದ ಸರ್ಟಿಫಿಕೇಟುಗಳನ್ನು ಉಚಿತವಾಗಿ ಎಲ್ಲರಿಗೂ ಕೊಡುತ್ತಿದೆ. ಡೊಮೇನ್ ನಿಮ್ಮದೇ ಎಂದು ಅದು ಎರಡು ಮುಖ್ಯ ಬಗೆಯಲ್ಲಿ ಪರೀಕ್ಷಿಸುತ್ತದೆ. ಎಚ್‌ಟಿಟಿಪಿ-01ರಲ್ಲಿ ನಿಮ್ಮ 80ನೇ ಪೋರ್ಟಿಗೆ ಬಂದು ಒಂದು ಕಡತ ನೋಡುತ್ತದೆ. 443 ಮಾತ್ರ ತೆರೆದವರು ಇಲ್ಲಿ ಸೋಲುತ್ತಾರೆ. ಡಿಎನ್‌ಎಸ್-01ರಲ್ಲಿ ಒಂದು ಟಿಎಕ್ಸ್‌ಟಿ ರೆಕಾರ್ಡ್ ಕೇಳುತ್ತದೆ. 80 ತಡೆದಿರುವ ಜಾಲದಲ್ಲಿರುವವರಿಗೂ, ಎಲ್ಲ ಉಪಡೊಮೇನ್‌ಗಳಿಗೆ ಒಂದೇ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಬೇಕಾದವರಿಗೂ ಇದೇ ದಾರಿ.

ಡಿಎನ್‌ಎಸ್ ಉತ್ತರ ಸರಿಯಾದ ಮೇಲೆಯೇ ಇದಕ್ಕೆ ಕೈ ಹಾಕಿ. ಒಂದೇ ಹೆಸರಿಗೆ ಪದೇ ಪದೇ ಸೋತರೆ ಲೆಟ್ಸ್ ಎನ್‌ಕ್ರಿಪ್ಟ್ ಸ್ವಲ್ಪ ಹೊತ್ತು ಬಾಗಿಲು ಹಾಕುತ್ತದೆ, ಆದ್ದರಿಂದ ಮೊದಲ ಪ್ರಯತ್ನ ‘--ಡ್ರೈ-ರನ್’ (ಪರೀಕ್ಷೆಗಷ್ಟೇ ಓಡಿಸು) ಜೊತೆ ಇರಲಿ. ತಪ್ಪು ಎಎಎಎ ರೆಕಾರ್ಡ್ ಇಲ್ಲೂ ಕಾಡುತ್ತದೆ, ಏಕೆಂದರೆ ಎಎಎಎ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಐಪಿವಿ6ನಲ್ಲೇ ಬರುತ್ತದೆ. ಸಿಎಎ ರೆಕಾರ್ಡ್ (ಯಾರು ಸರ್ಟಿಫಿಕೇಟ್ ಕೊಡಬಹುದು ಎಂದು ಹೇಳುವುದು) ಹಾಕಿದ್ದರೆ ಅದರಲ್ಲಿ ನೀವು ಸರ್ಟಿಫಿಕೇಟ್ ಕೇಳುತ್ತಿರುವ ಸಂಸ್ಥೆಯ ಹೆಸರಿರಬೇಕು.

ನವೀಕರಣ ತಾನಾಗಿ ಆಗುವಂತೆ ಇವತ್ತೇ ಮಾಡಿಬಿಡಿ. ಸರ್ಟಿಫಿಕೇಟುಗಳ ಆಯುಸ್ಸು ಕುಗ್ಗುತ್ತಲೇ ಇದೆ: ಸರ್ಟಿಫಿಕೇಟ್ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಸೇರಿದ ಒಕ್ಕೂಟ 2025ರಲ್ಲಿ ಒಪ್ಪಿದಂತೆ 2029ರ ಮಾರ್ಚ್‌ನಿಂದ ಗರಿಷ್ಠ 47 ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೈಯಿಂದ ಮಾಡುವ ಕಾಲ ಮುಗಿದಿದೆ.

ಹಂತ 10: ವಿಳಾಸ ಬದಲಾಗುವ ಮನೆಗಳಿಗೆ

ರೂಟರ್ ಮತ್ತೆ ಆನ್ ಆದಾಗಲೆಲ್ಲ ವಿಳಾಸ ಬದಲಾಗುವ ಸಂಪರ್ಕ ನಿಮ್ಮದಾದರೆ ಡೈನಾಮಿಕ್ ಡಿಎನ್‌ಎಸ್ ಬೇಕು. ಡಿಡಿಕ್ಲೈಂಟ್‌ನಂಥ ಪ್ರೋಗ್ರಾಂ ಕೆಲವು ನಿಮಿಷಕ್ಕೊಮ್ಮೆ ಹೊರ ವಿಳಾಸ ನೋಡಿ, ಬದಲಾಗಿದ್ದರೆ ನಿಮ್ಮ ಡಿಎನ್‌ಎಸ್ ಸೇವೆಗೆ ಎಪಿಐ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಮೂಲಕ ತಿಳಿಸುತ್ತದೆ. ಹಾಗಾಗಿ ಡಿಎನ್‌ಎಸ್ ಸೇವೆ ಆರಿಸುವಾಗಲೇ ಎಪಿಐ ಇದೆಯೇ ನೋಡಿ. ಅದಕ್ಕೆ ಕೊಡುವ ಟೋಕನ್‌ಗೆ ಆ ಒಂದು ಡೊಮೇನಿನ ರೆಕಾರ್ಡ್ ತಿದ್ದುವ ಹಕ್ಕಷ್ಟೇ ಇರಲಿ, ಖಾತೆಯ ಇಡೀ ಕೀಲಿಕೈ ಬೇಡ. ಇಂಥ ರೆಕಾರ್ಡಿನ ಟಿಟಿಎಲ್ 300ಕ್ಕಿಂತ ಮೇಲೆ ಹೋಗದಿರಲಿ.

ಎಲ್ಲ ಮುಗಿದ ಮೇಲೆ

ವಿಳಾಸ ಬದಲಾಗದ ಸರ್ವರ್ ಆದರೆ, ಒಂದೆರಡು ದಿನ ಎಲ್ಲವೂ ನೆಟ್ಟಗೆ ನಡೆದ ಮೇಲೆ ಟಿಟಿಎಲ್ ಅನ್ನು 3600ಕ್ಕೋ ಅದಕ್ಕಿಂತ ಮೇಲಕ್ಕೋ ಏರಿಸಿ. ನೇಮ್‌ಸರ್ವರ್ ಕೊಂಚ ಹೊತ್ತು ಕೈಕೊಟ್ಟರೂ ಕ್ಯಾಶ್‌ನಲ್ಲಿರುವ ಉತ್ತರ ನಿಮ್ಮ ಓದುಗರನ್ನು ಕಾಯುತ್ತದೆ. ಹಳೆಯ ಸರ್ವರಿನ ಲಾಗ್ ತೆರೆದು ನೋಡಿ: ಜನರ ಕೋರಿಕೆಗಳು ನಿಂತು, ಬಾಟ್‌ಗಳಷ್ಟೇ ಉಳಿದ ದಿನ ಆ ಸರ್ವರನ್ನು ಆಫ್ ಮಾಡಬಹುದು. ಡೊಮೇನಿಗೆ ವರ್ಗಾವಣೆ ಬೀಗ ಮತ್ತು ತಾನಾಗಿ ನವೀಕರಣ ಹಾಕಿ, ರಿಜಿಸ್ಟ್ರಾರ್ ಖಾತೆಯ ಇಮೇಲನ್ನು ಅದೇ ಡೊಮೇನಿನ ಮೇಲೆ ಇಡಬೇಡಿ. ಡೊಮೇನ್ ಅವಧಿ ಮುಗಿದ ದಿನ ನವೀಕರಣದ ಪತ್ರವೂ, ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿಯೂ ಬರಬೇಕಾದ ಪೆಟ್ಟಿಗೆ ಡೊಮೇನಿನ ಜೊತೆಯಲ್ಲೇ ಮುಚ್ಚಿಹೋಗಿರುತ್ತದೆ.